ಗಿರಗಿಟ್ಟಲೆ ಹಿಡಿದ ಏಣಿ

ಗಿರಗಿಟ್ಟಲೆ ನಂಬತಕ್ಕ ಮನುಷ್ಯನಲ್ಲ. ಹಾಗೆಂದು ಕಳ್ಳನಲ್ಲ, ಕುಡುಕನಲ್ಲ, ಜಗಳಗಂಟನೂ ಅಲ್ಲ. ಇವುಗಳಲ್ಲಿ ಯಾವುದಾದರೂ ಒಂದಾಗಬೇಕಾದರೆ ಸ್ವಲ್ಪ ಕಾಲವಾದರೂ ಒಂದು ಕಡೆ ನಿಂತು ಅಭ್ಯಾಸ ಮಾಡಬೇಕಾಗುತ್ತದೆ. ಅಷ್ಟು ತಾಳ್ಮೆ ಅವನಲ್ಲಿರಲಿಲ್ಲ. ಅವನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ನಾಲಗೆ ಬಾಯಿಯೊಳಗೆ ನಿಲ್ಲುತ್ತಿರಲಿಲ್ಲ, ಇನ್ನು ಅಭಿಪ್ರಾಯಗಳ ವಿಷಯ ಹೇಳುವುದೇ ಬೇಡ. ಚುನಾವಣೆಯ ದಿನ ಮತಗಟ್ಟೆಯ ಸಾಲಿನಲ್ಲಿ ಅವನ ಮುಂದೆ ನಿಂತವರು ಯಾರು ಎಂಬುದರ ಮೇಲೆ ಅವನ ಪಕ್ಷ ನಿರ್ಧಾರವಾಗುತ್ತಿತ್ತು. ಹಿಂದೆ ನಿಂತವರು ಮಾತುಗಾರರಾಗಿದ್ದರೆ ಅದೂ ಬದಲಾಗುತ್ತಿತ್ತು.

ಅವನು ನನ್ನ ತಂಗಿಯ ಮೈದುನ, ಅಂದರೆ ತಂಗಿಯ ಗಂಡನ ತಮ್ಮ. ಗಾಳಿ ಎತ್ತ ಬೀಸಿದರೂ ಸುತ್ತುವ ಕಾಗದದ ಆಟಿಕೆಯ ಹೆಸರನ್ನು ಅವನಿಗೆ ಇಟ್ಟವಳು ಅವನ ತಾಯಿಯೇ. ಮಗು ತಟ್ಟೆ ಹಿಡಿದುಕೊಂಡು ಮನೆಯೆಲ್ಲ ತಿರುಗುತ್ತ ಊಟ ಮಾಡುವುದನ್ನು ನೋಡಿ ಸಾಕಾಗಿ ಇಟ್ಟದ್ದಂತೆ. ಮಗುವಿಗೆ ತಲೆ ನರೆತ ಮೇಲೂ ತಟ್ಟೆ ಕೆಳಗಿಳಿಯಲಿಲ್ಲ.

ಅವನು ಮಾಡಿ ಬಿಟ್ಟ ಕೆಲಸಗಳನ್ನು ಹೇಳುತ್ತ ಹೋದರೆ ಪೇಟೆಬೀದಿಯ ಅಂಗಡಿಗಳ ಹೆಸರನ್ನೆಲ್ಲ ಓದಿದಂತಾಗುತ್ತದೆ. ಗಡಿಯಾರ ರಿಪೇರಿಯ ಅಂಗಡಿಯಲ್ಲಿದ್ದಾಗ ಒಂದು ಸಣ್ಣ ತಿರುಪು ಕೈಜಾರಿ ಬಾಗಿಲಾಚೆ ಉರುಳಿತು. ಅದನ್ನು ಹುಡುಕುತ್ತ ಹೋದವನು ಬೇಕರಿಯ ಮುಂದೆ ನಿಂತ, ಬೇಕರಿಯವನ ಜೊತೆ ಮಾತಿಗಿಳಿದ, ಮರುದಿನದಿಂದ ಅಲ್ಲೇ ಕೆಲಸಕ್ಕೆ ಸೇರಿದ. ಬೇಕರಿಯಲ್ಲಿ ಬ್ರೆಡ್ಡು ಒಲೆಯೊಳಗಿಟ್ಟು, ಬೀದಿಯಲ್ಲಿ ಆಂಬುಲೆನ್ಸ್ ಹೋಯಿತೆಂದು ಯಾರ ಮನೆಗೆ ಅಂತ ನೋಡಲು ಹೋದ. ಬ್ರೆಡ್ಡು ಏನಾಯಿತೆಂದು ಹೇಳಬೇಕಾಗಿಲ್ಲ. ಬಸ್ ಕಂಡಕ್ಟರಾಗಿದ್ದಾಗ ದಾರಿ ಗೊತ್ತಿಲ್ಲದ ಒಬ್ಬ ಮುದುಕಿಗೆ ಮನೆ ತೋರಿಸಲು ಇಳಿದ. ಡ್ರೈವರು ಹಿಂದೆ ತಿರುಗಿ ನೋಡದೆ ಬಸ್ಸು ಬಿಟ್ಟ. ಕಂಡಕ್ಟರಿಲ್ಲದ ಬಸ್ಸಿನಲ್ಲಿ ಜನ ಆ ದಿನ ಬಹಳ ನೆಮ್ಮದಿಯಿಂದ ಪ್ರಯಾಣ ಮಾಡಿದರೆಂದು ಕೇಳಿದ್ದೇನೆ. ವಿಮಾ ಏಜೆಂಟನಾಗಿ ಮಾತ್ರ ಅವನ ಪ್ರತಿಭೆ ಪೂರ್ತಿ ಬೆಳಗಿತು. ಮೊದಲ ಗಿರಾಕಿ ವಿಮೆಯೆಂಬುದು ಶುದ್ಧ ದಂಡವೆಂದು ವಾದಿಸಿದರು. ಇವನು ಗಮನವಿಟ್ಟು ಕೇಳಿ, ಒಪ್ಪಿ, ಉಳಿದ ಗಿರಾಕಿಗಳಿಗೂ ಆ ಸತ್ಯವನ್ನು ತಿಳಿಸಿ ಬಂದ.

ನಾಲಗೆಯದು ಇನ್ನೊಂದು ಅಧ್ಯಾಯ. ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾಲೇಜಿನಿಂದ ನಿವೃತ್ತಳಾದಾಗ ಸಹೋದ್ಯೋಗಿಗಳು ಗುಟ್ಟಾಗಿ ಒಂದು ಗೋಡೆ ಗಡಿಯಾರ ಕೊಂಡಿದ್ದರು. ಸಮಾರಂಭಕ್ಕೆ ಮೊದಲೇ ಇವನು ನನ್ನ ಮನೆಗೆ ಬಂದು, ಸುತ್ತಳತೆ ಇಷ್ಟು, ಬಣ್ಣ ಇಂಥದ್ದು, ಮೊಳೆ ಹೊಡೆಯಲು ಇಗೋ ಈ ಜಾಗ ಚೆನ್ನಾಗಿದೆ ಎಂದು ಗೋಡೆ ತಟ್ಟಿ ತೋರಿಸಿ ಹೋದ. ಗುಟ್ಟು ಹೇಳಿದೆನೆಂಬ ಅರಿವೂ ಅವನಿಗಿರಲಿಲ್ಲ.

ಇಂಥವನನ್ನು ಅನ್ನ ಹಾಕಿ ಇಟ್ಟುಕೊಂಡವರು ಅವನ ಅಣ್ಣ, ನನ್ನ ತಂಗಿಯ ಗಂಡ. ಅವರು ಬೋರ್ಡು ಬರೆಯುವವರು. ಪೇಟೆಯಲ್ಲಿ ಎಲ್ಲರೂ ಅವರನ್ನು ಆರ್ಟಿಸ್ಟ್ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಮೆಡಿಕಲ್ ಸ್ಟೋರಿನ ಪಕ್ಕದ ಸಂದಿನಲ್ಲಿ ಅವರ ಅಂಗಡಿ. ಒಳಗೆ ಸೀಮೆಎಣ್ಣೆಯ ವಾಸನೆ, ಗೋಡೆಗೆಲ್ಲ ಕುಂಚ ಒರೆಸಿದ ಬಣ್ಣದ ಗೆರೆಗಳು, ಡಾಲ್ಡಾ ಡಬ್ಬಗಳಲ್ಲಿ ತಲೆಕೆಳಗಾಗಿ ನಿಂತ ಬ್ರಷ್ಷುಗಳು. ಅವರ ಕೆಲಸಕ್ಕೊಂದು ಕ್ರಮವಿತ್ತು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಗೋಡೆಯ ಮೇಲೆ ಮಿಡಿದು ಗೆರೆ ಎಳೆಯುವರು. ಅಕ್ಷರಗಳ ಅಂದಾಜನ್ನು ಸೀಮೆಸುಣ್ಣದಲ್ಲಿ ಗುರುತಿಸುವರು. ಆಮೇಲೆ ಒಂದೊಂದೇ ಅಕ್ಷರ ಬರೆಯುತ್ತಿರಲಿಲ್ಲ. ಇಡೀ ಸಾಲಿನಲ್ಲಿ ಎಷ್ಟು ನೇರ ಗೆರೆಗಳಿವೆಯೋ ಅವನ್ನೆಲ್ಲ ಮೊದಲು ಇಳಿಸುವರು, ನಂತರ ಅಡ್ಡಗೆರೆಗಳು, ಕೊನೆಗೆ ಬಾಗು ಬಳುಕು. ಅರ್ಧ ಕೆಲಸವಾದಾಗ ಗೋಡೆಯ ಮೇಲೆ ಕಂಬಗಳ ಸಾಲು ಮಾತ್ರ ಇರುತ್ತಿತ್ತು. ಕೆಳಗೆ ನಿಂತವರು ಅದು ಏನು ಬೋರ್ಡೆಂದು ಪಂಥ ಕಟ್ಟುತ್ತಿದ್ದರು. ಆರ್ಟಿಸ್ಟ್ ಕೈ ಆನಿಸದೆ, ಬಟ್ಟೆ ಒಗೆದು ಹರವಿದಷ್ಟು ಸಲೀಸಾಗಿ ದೊಡ್ಡ ಬಾಗುಗಳನ್ನು ಎಳೆಯುವಾಗ ಪಂಥದವರೂ ಬಾಯಿ ಮುಚ್ಚುತ್ತಿದ್ದರು.

ಫ್ಲೆಕ್ಸ್ ಬಂದಾಗ ಈ ಎಲ್ಲವೂ ನಿಂತಿತು. ಯಂತ್ರದಿಂದ ಹೊರಬರುವ ಪ್ಲಾಸ್ಟಿಕ್ ಹಾಳೆಗೆ ಕುಂಚವೂ ಬೇಡ, ಏಣಿ ಹಿಡಿಯುವ ಆಳೂ ಬೇಡ. ಅವರ ಆಳು ಬೇರೆ ಕೆಲಸ ಹುಡುಕಿಕೊಂಡು ಹೋದ. ಆರ್ಟಿಸ್ಟ್ ಕೆಲವು ವರ್ಷ ಲಾರಿಗಳ ಹಿಂದೆ ನಂಬರು ಬರೆದರು, ಶಾಲೆಯ ಬೆಂಚುಗಳಿಗೆ ಬಣ್ಣ ಹೊಡೆದರು. ಕೊನೆಗೊಂದು ದಿನ ಪಟ್ಟಣದ ಆಡಳಿತ ಪ್ಲಾಸ್ಟಿಕ್ ಬೋರ್ಡುಗಳನ್ನು ನಿಷೇಧಿಸಿತು. ಆಡಳಿತ ಒಳ್ಳೆಯ ಕೆಲಸ ಮಾಡುವುದು ಹೀಗೇ: ಎಲ್ಲ ಆರ್ಟಿಸ್ಟರೂ ಮುದುಕರಾಗುವವರೆಗೆ ಕಾದು.

ಕೆಲಸ ಮತ್ತೆ ಬಂತು. ಏಣಿ ಹಿಡಿಯಲು ಆಳಿರಲಿಲ್ಲ. ಮನೆಯಲ್ಲಿ ಗಿರಗಿಟ್ಟಲೆ ಇದ್ದ. ನನ್ನ ತಂಗಿ ನನಗೆ ಈ ಸುದ್ದಿ ಹೇಳಿದ ರೀತಿ ಇನ್ನೂ ನೆನಪಿದೆ. ಏನೂ ಮಾಡದೆ ಸುಮ್ಮನೆ ನಿಲ್ಲುವುದೇ ಕೆಲಸವಾಗಿರುವ ಉದ್ಯೋಗ ಕೊನೆಗೂ ಅವನಿಗೆ ಸಿಕ್ಕಿತು ಎಂದಳು. ಅದಕ್ಕೂ ಅವನು ಲಾಯಕ್ಕಲ್ಲ, ನೋಡುತ್ತಿರು ಎಂದೆ.

ಆಶ್ಚರ್ಯವೆಂದರೆ ಅವನು ನಿಂತ. ನಿಂತನೆಂದರೆ ಕಾಲು ನಿಂತಿತು ಅಷ್ಟೆ. ಒಂದು ಪಾದವನ್ನು ಏಣಿಯ ಕೆಳಗಿನ ಮೆಟ್ಟಿಲಿಗೆ ಒತ್ತಿ, ಎರಡು ಕೈಯಲ್ಲಿ ಎರಡು ಕಂಬ ಹಿಡಿದು, ಕುತ್ತಿಗೆಯನ್ನು ಮಾತ್ರ ಬೀದಿಗೆ ತಿರುಗಿಸಿಕೊಂಡು, ಹೋಗುವವರನ್ನೆಲ್ಲ ಮಾತನಾಡಿಸುತ್ತ ನಿಲ್ಲುತ್ತಿದ್ದ. ಕೀಲಿ ಮಾಡುವವನ ಮಗಳ ಪರೀಕ್ಷೆ, ದರ್ಜಿಯ ಮಂಡಿ ನೋವು, ಫೋಟೋ ಸ್ಟುಡಿಯೋದವನ ಬಾಡಿಗೆ ತಕರಾರು, ಎಲ್ಲದರ ವಿಚಾರಣೆಯೂ ಏಣಿಯ ಬುಡದಲ್ಲಿ ನಡೆಯುತ್ತಿತ್ತು. ಅಣ್ಣ ಮೇಲೆ ಏನು ಬರೆಯುತ್ತಿದ್ದಾರೆಂದು ತಲೆ ಎತ್ತಿ ನೋಡಿದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ತಂಗಿ ಬಂದಳು. ಬಂದವಳು ಚೀಲವನ್ನು ಮಡಿಲಿಂದ ಕೆಳಗಿಡಲಿಲ್ಲ. ಅವಳು ಹಾಗೆ ಕೂತರೆ ವಿಷಯವಿದೆಯೆಂದು ಅರ್ಥ.

"ಅಕ್ಕ, ಇವರ ಕೈ ನಡುಗ್ತಿದೆ," ಅಂದಳು.

ಮೊದಲು ಚಹಾದ ಬಟ್ಟಲು ತಟ್ಟೆಗೆ ಬಡಿಯುವ ಸದ್ದು ಕೇಳಿತಂತೆ. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಚ್ಚು ಹೊತ್ತು ಹಿಡಿಯತೊಡಗಿತು. ಡಾಕ್ಟರು ಇದು ವಯಸ್ಸಿನ ನಡುಕ, ಪ್ರಾಣಕ್ಕೇನೂ ಅಪಾಯವಿಲ್ಲ, ಮಾತ್ರೆಯಿಂದ ಒಂದಿಷ್ಟು ಕಡಿಮೆಯಾಗಬಹುದು, ಹೋಗುವುದಿಲ್ಲ ಎಂದಿದ್ದರು. ನೇರ ಗೆರೆಗಳಿಗೆ ತೊಂದರೆಯಿರಲಿಲ್ಲ. ಭುಜದಿಂದ ಒಂದೇ ಬೀಸಿಗೆ ಎಳೆದುಬಿಡುತ್ತಿದ್ದರು. ನಿಧಾನವಾಗಿ ತಿರುಗಿಸಬೇಕಾದ ಬಾಗುಗಳಲ್ಲೇ ಕಷ್ಟ. ಬೋರ್ಡು ಬರೆಯುವವರ ಬಳಿ ತುದಿಗೆ ಬಟ್ಟೆ ಸುತ್ತಿದ ಒಂದು ಕೋಲಿರುತ್ತದೆ. ಅದನ್ನು ಗೋಡೆಗೆ ಊರಿ, ಅದರ ಮೇಲೆ ಕೈ ಆನಿಸಿ ಬರೆದರೆ ನಡುಕ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಆರ್ಟಿಸ್ಟ್ ಕೋಲು ಮುಟ್ಟುವವರಲ್ಲ. ಅದು ಕಲಿಯುವವರಿಗೆ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಅವರ ಕೈಯಲ್ಲಿ ಕೋಲು ಕಂಡರೆ ಜನಕ್ಕೆ ಬೇರೆ ಯಾವ ಪ್ರಕಟಣೆಯೂ ಬೇಕಾಗುತ್ತಿರಲಿಲ್ಲ. ಕೈ ನಡುಗುವ ಬೋರ್ಡಿನವನಿಗೆ ಯಾರೂ ಗೋಡೆ ಕೊಡುವುದಿಲ್ಲ.

"ಸಾಯೋವರೆಗೂ ಬರೀತಾರೆ ಅಂತ ಅಲ್ಲ ಅಕ್ಕ. ಆದ್ರೆ ಬಿಡೋದು ಅವರೇ ಬಿಡಬೇಕು. ಯಾರೋ ಬಿಡಿಸಿದ್ರೆ ಈ ಮನುಷ್ಯ ಉಳಿಯಲ್ಲ," ಅಂದಳು.

ಏಣಿ ಹಿಡಿಯುವ ಮಹಾರಾಯನಿಗೆ ಗೊತ್ತೇ ಎಂದು ಕೇಳಿದೆ.

"ಅವನಿಗೆ ಹೇಳೋದೂ ಒಂದೇ, ಮೈಕು ಹಿಡಿದು ಬೀದಿಗೆ ಹೇಳೋದೂ ಒಂದೇ. ಹೊರಗಿನ ಆಳಾದ್ರೆ ಮೇಲೆ ನೋಡ್ತಾನೆ, ಕಂಡುಹಿಡೀತಾನೆ. ಇವನು ಬೀದಿ ನೋಡ್ತಿರ್ತಾನೆ. ಅದಕ್ಕೇ ಇವನನ್ನೇ ಇಟ್ಕೊಂಡಿರೋದು."

ಒಬ್ಬ ಮನುಷ್ಯನ ಗಮನಗೇಡಿತನವನ್ನು ಅರ್ಹತೆಯೆಂದು ಪರಿಗಣಿಸಿ ಕೆಲಸ ಕೊಟ್ಟದ್ದು ಸರ್ಕಾರಿ ಕಚೇರಿಗಳ ಹೊರಗೆ ನಾನು ಕಂಡದ್ದು ಅದೇ ಮೊದಲು.

ಹೀಗಿರುವಾಗ ದೊಡ್ಡ ಕೆಲಸವೊಂದು ಬಂತು. ಚೌಕದ ಮೂಲೆಯ ಕಟ್ಟಡದಲ್ಲಿ ಒಬ್ಬ ಡೈರೆಕ್ಟರು ಸಂಸ್ಥೆ ತೆರೆಯುವವರಿದ್ದರು. ಈ ಡೈರೆಕ್ಟರನ್ನು ನಾನು ಮೊದಲಿನಿಂದ ಬಲ್ಲೆ. ಅವರು ಮೊದಲು ಟೈಪಿಂಗ್ ಶಾಲೆ ನಡೆಸಿದರು, ಅದು ಕಂಪ್ಯೂಟರ್ ಸೆಂಟರಾಯಿತು, ಕಂಪ್ಯೂಟರು ಎಲ್ಲರ ಮನೆಗೂ ಬಂದಾಗ ಇಂಗ್ಲಿಷ್ ಮಾತನಾಡಲು ಕಲಿಸುವ ತರಗತಿಯಾಯಿತು. ಪ್ರತಿ ಸಲವೂ ಹೆಸರು ಬೇರೆ, ಕಟ್ಟಡ ಬೇರೆ, ಶಿಕ್ಷಕರು ಬೇರೆ. ಬದಲಾಗದೆ ಉಳಿದದ್ದು ಅವರ ಕುರ್ಚಿಯ ಹಿಂದಿನ ಟವೆಲು. ಈಗ ಅವರು ತೆರೆಯುತ್ತಿದ್ದದ್ದು ವ್ಯಕ್ತಿತ್ವ ತರಬೇತಿ ಕೇಂದ್ರ. ಹೆಸರು ಸ್ಟೆಡ್‌ಫಾಸ್ಟ್. ಸ್ಥಿರತೆಯನ್ನು ಕಲಿಸಲು ಅವರಿಗಿಂತ ಅರ್ಹರು ಬೇರೆ ಯಾರಿದ್ದರು?

ಹೆಸರಿನ ಅರ್ಥವನ್ನೂ ಹುಟ್ಟನ್ನೂ ವಿವರಿಸುವ ಒಂದು ಪುಟ್ಟ ಬರಹ ಬೇಕೆಂದು ಅವರು ನನ್ನ ಮನೆಗೆ ಬಂದರು. ತಾವೇ ಬರೆದುಕೊಂಡು ಬಂದದ್ದನ್ನು ತಿದ್ದಿದರೂ ಸಾಕು ಎಂದರು. ಅದರಲ್ಲಿ, ಸ್ಟೆಡ್ ಎಂದರೆ ಸ್ಟೆಡಿ, ಫಾಸ್ಟ್ ಎಂದರೆ ಫಾಸ್ಟ್, ಆದ್ದರಿಂದ ನಮ್ಮಲ್ಲಿ ಕಲಿತವರು ಸ್ಥಿರವಾಗಿಯೂ ವೇಗವಾಗಿಯೂ ಮೇಲೆ ಬರುತ್ತಾರೆ ಎಂದಿತ್ತು.

ವೇಗಕ್ಕೂ ಈ ಪದಕ್ಕೂ ಸಂಬಂಧವಿಲ್ಲ ಎಂದೆ. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ಸ್ಟೆಡೆ ಎಂದರೆ ಜಾಗ, ಒಬ್ಬನು ನಿಂತಿರುವ ಠಾವು. ಒಬ್ಬರ ಬದಲಿಗೆ ಇನ್ನೊಬ್ಬರು ಎನ್ನಲು ಇಂದಿಗೂ ಬಳಸುವ ಇನ್‌ಸ್ಟೆಡ್ ಎಂಬ ಮಾತಿನಲ್ಲಿ ಇರುವುದು ಅದೇ ಜಾಗ. ಸಂಸ್ಕೃತದಿಂದ ನಮಗೆ ಬಂದ ಸ್ಥಾನ, ಸ್ಥಿರ, ನಿಷ್ಠೆ ಎಂಬ ಮಾತುಗಳೂ ಆ ಪದವೂ ದೂರದ ದಾಯಾದಿಗಳು. ನಿಲ್ಲುವುದು ಎಂಬ ಒಂದೇ ಬೇರಿನಿಂದ ಹುಟ್ಟಿದವು. ಫಾಸ್ಟ್ ಎಂಬುದರ ಹಳೆಯ ಅರ್ಥ ಭದ್ರ, ಬಿಗಿ. ವಿಮಾನದಲ್ಲಿ ಸೊಂಟದ ಪಟ್ಟಿ ಬಿಗಿದುಕೊಳ್ಳಿ ಎನ್ನಲು ಇಂಗ್ಲಿಷಿನಲ್ಲಿ ಫಾಸನ್ ಎನ್ನುವಾಗ ಆ ಅರ್ಥ ಇನ್ನೂ ಕೇಳಿಸುತ್ತದೆ. ವೇಗ ಎಂಬ ಅರ್ಥ ಅದಕ್ಕೆ ಬಹಳ ತಡವಾಗಿ ಅಂಟಿಕೊಂಡಿತು. ಬಿಗಿಯಾಗಿ, ಬಲವಾಗಿ ಓಡು ಎನ್ನುತ್ತ ಎನ್ನುತ್ತ ಬಲ ಹೋಗಿ ಓಟ ಉಳಿಯಿತು. ಎರಡನ್ನೂ ಸೇರಿಸಿದರೆ, ನಿಂತ ಜಾಗದಲ್ಲಿ ಬಿಗಿಯಾಗಿ ನಿಂತವನು. ನೆಲೆ ನಿಂತವನು ಎಂದರೆ ಅಚ್ಚುಕಟ್ಟಾಗಿ ಕನ್ನಡವಾಯಿತು.

"ಅಂದ್ರೆ ಅಲ್ಲಾಡದೆ ಇರೋನು," ಎಂದರು ಡೈರೆಕ್ಟರು.

"ಅಲ್ಲ. ಅಲ್ಲಾಡದೆ ಇರೋದು ಬಂಡೆಗಲ್ಲೂ ಮಾಡುತ್ತೆ. ಆ ಕಾಲದಲ್ಲಿ ಇದು ಯುದ್ಧದಲ್ಲಿ ನಿಂತವರಿಗೆ ಹೇಳುತ್ತಿದ್ದ ಮಾತು. ಓಡಿಹೋಗೋಕೆ ಒಳ್ಳೆ ಕಾರಣ ಇದ್ದು ಓಡದೆ ಇದ್ದವನಿಗೆ."

ಇದನ್ನು ಬರೆದುಕೊಟ್ಟೆ. ಅವರು ಓದಿ, ಬಹಳ ಚೆನ್ನಾಗಿದೆ ಮೇಡಂ, ಆದರೆ ಕೊನೆಯಲ್ಲಿ ವೇಗ ಅಂತ ಒಂದು ಮಾತು ಸೇರಿಸಿದರೆ ತಂದೆತಾಯಿಗಳಿಗೆ ಇಷ್ಟವಾಗುತ್ತದೆ ಎಂದರು. ನಾನು ಸೇರಿಸಲಿಲ್ಲ. ಅಚ್ಚಾಗಿ ಬಂದಾಗ ಸೇರಿತ್ತು.

ಗೋಡೆಯ ಕೆಲಸ ಆರ್ಟಿಸ್ಟರಿಗೆ ಸಿಕ್ಕಿತು. ಚೌಕದ ಎಲ್ಲ ಬೀದಿಗಳಿಂದ ಕಾಣುವಂಥ ಗೋಡೆ, ಆಳೆತ್ತರದ ಇಂಗ್ಲಿಷ್ ಅಕ್ಷರಗಳು. ಇದು ಚೆನ್ನಾಗಿ ಬಂದರೆ ಚೌಕದ ಉಳಿದ ಅಂಗಡಿಗಳವರೂ ಬರುತ್ತಾರೆ, ಕೆಟ್ಟರೆ ಕೆಟ್ಟದ್ದೂ ಎಲ್ಲ ಬೀದಿಗಳಿಂದ ಕಾಣುತ್ತದೆ. ಸ್ಟೆಡ್‌ಫಾಸ್ಟ್ ಎಂಬುದರಲ್ಲಿ ಎರಡು ಕಡೆ ಎಸ್ ಬರುತ್ತದೆ. ಇಂಗ್ಲಿಷಿನ ಅಕ್ಷರಗಳಲ್ಲಿ ಬೋರ್ಡಿನವರ ಮಾನ ತೆಗೆಯುವುದು ಎಸ್. ಮೇಲೊಂದು ಬಾಗು, ಕೆಳಗೆ ಅದಕ್ಕೆ ವಿರುದ್ಧ ಇನ್ನೊಂದು. ನಡುವೆ ಎಲ್ಲೂ ಕುಂಚ ಎತ್ತುವಂತಿಲ್ಲ, ಅವಸರ ಮಾಡುವಂತಿಲ್ಲ.

ತಂಗಿ ನನ್ನನ್ನು ಅಲ್ಲಿಗೆ ಅಟ್ಟಿದಳು. ನೀನು ಏಣಿಯ ಹತ್ತಿರವೇ ನಿಂತಿರು, ಅವನು ತಲೆ ಮೇಲೆತ್ತದ ಹಾಗೆ, ಬಾಯಿ ಬಿಡದ ಹಾಗೆ ನೋಡಿಕೋ ಎಂದಳು. ಆರ್ಟಿಸ್ಟರ ಕೈಗೆ ನಾವೇನೂ ಮಾಡುವಂತಿರಲಿಲ್ಲ, ಗಿರಗಿಟ್ಟಲೆಯ ಬಾಯಿಗೆ ಮಾಡಬಹುದಿತ್ತು. ಕಾಗುಣಿತ ಸರಿಯಿದೆಯೇ ನೋಡಲು ಬಂದಿದ್ದೇನೆಂದು ಡೈರೆಕ್ಟರಿಗೆ ಹೇಳಿದೆ. ಅವರು ಒಳಗಿಂದ ಕುರ್ಚಿ ತರಿಸಿದರು. ಕುರ್ಚಿ ಬೇಡವೆಂದು ಏಣಿಯ ಪಕ್ಕದಲ್ಲೇ ನಿಂತೆ. ಕಾಲುದಾರಿಯ ಕಲ್ಲು ಏರುಪೇರಾಗಿತ್ತು, ಹಾಗಾಗಿ ಒಂದು ಕೈಯನ್ನು ಏಣಿಯ ಕಂಬದ ಮೇಲೆ ಇಟ್ಟುಕೊಂಡೆ.

"ಅಕ್ಕ, ನೀವೂ ಏಣಿ ಹಿಡಿಯೋಕೆ ಬಂದ್ರಾ? ನನ್ನ ಕೆಲಸಕ್ಕೆ ಕಲ್ಲು ಹಾಕಬೇಡಿ," ಎಂದ ಗಿರಗಿಟ್ಟಲೆ.

ಬೆಳಗಿನ ಕೆಲಸ ಸರಾಗವಾಗಿ ನಡೆಯಿತು. ಕಂಬಗಳು ಒಂದರ ಪಕ್ಕ ಒಂದು ಇಳಿದವು. ಕೀಲಿ ಮಾಡುವವನು ಅದು ಹೋಟೆಲಿನ ಬೋರ್ಡೆಂದ, ದರ್ಜಿ ಬ್ಯಾಂಕೆಂದ. ಅಡ್ಡಗೆರೆಗಳು ಬಂದವು, ಓರೆಗೆರೆಗಳು ಬಂದವು. ನಾನು ಗಿರಗಿಟ್ಟಲೆಯನ್ನು ಮಾತಿನಲ್ಲಿ ಕಟ್ಟಿಹಾಕಲು ಅವನು ಬಿಟ್ಟ ಕೆಲಸಗಳ ಬಗ್ಗೆ ಕೇಳುತ್ತಿದ್ದೆ. ಆ ವಿಷಯಕ್ಕೆ ಮುಗಿಯುವ ಭಯವಿರಲಿಲ್ಲ. ಬಸ್ಸಿನ ಮುದುಕಿಯ ಕಥೆ ಹೇಳುತ್ತ, ಅವಳ ಮನೆ ಕೊನೆಗೂ ಸಿಗಲಿಲ್ಲ ಅಕ್ಕ, ಅವಳು ಬೇರೆ ಊರಿಗೆ ಹೋಗಬೇಕಾದವಳಂತೆ ಎಂದು ತಾನೇ ನಕ್ಕ. ನನಗೆ ನಗು ಬರಲಿಲ್ಲ; ಮೇಲೆ ಡಿ ಅಕ್ಷರದ ಹೊಟ್ಟೆ ತಿರುಗುತ್ತಿತ್ತು. ಅದು ತಿರುಗಿತು. ಆಮೇಲೆ ಬಲಗಡೆಯ ಎಸ್ ಶುರುವಾಯಿತು. ಅಲ್ಲಲ್ಲಿ ಅಂಚು ತುಸು ಮುಕ್ಕಾದರೂ ದೂರದಿಂದ ನೋಡುವವರಿಗೆ ತಿಳಿಯದಂತೆ ಅದೂ ಮುಗಿಯಿತು.

ಏಣಿಯನ್ನು ಎಡಕ್ಕೆ ಸರಿಸಿದರು. ಉಳಿದದ್ದು ಮೊದಲ ಎಸ್ ಒಂದೇ. ಡೈರೆಕ್ಟರು ಪೂರ್ತಿ ಬೋರ್ಡು ಹೇಗೆ ಕಾಣುತ್ತದೆಂದು ನೋಡಲು ರಸ್ತೆಯ ಆಚೆಗೆ ಹೋಗಿ, ದರ್ಜಿಯ ಅಂಗಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

ಮೇಲಿನ ಬಾಗು ಸರಿಯಾಗಿ ಬಂತು. ಕುಂಚ ನಡುವಿನ ಇಳಿಜಾರಿಗೆ ಬಂದಾಗ ನಡುಗಿತು. ಒಮ್ಮೆ ಬಿಟ್ಟು ಹಿಡಿದರು, ಮತ್ತೆ ನಡುಗಿತು. ಹೊಟ್ಟೆಯ ಅಂಚು ಗರಗಸದ ಹಲ್ಲಿನಂತೆ ಎದ್ದಿತು, ಬಣ್ಣದ ಒಂದು ಹನಿ ಗೆರೆ ದಾಟಿ ಕೆಳಗಿಳಿಯಿತು. ಆರ್ಟಿಸ್ಟ್ ಕೈ ಹಿಂದಕ್ಕೆಳೆದು, ಬಲಗೈಯನ್ನು ಎಡಗೈಯಿಂದ ಮುಚ್ಚಿ ಎದೆಗೆ ಒತ್ತಿಕೊಂಡರು. ಬೆನ್ನು ಬೀದಿಯ ಕಡೆಗಿತ್ತು. ತಿರುಗಲಿಲ್ಲ.

ಡೈರೆಕ್ಟರು ಬಸ್ಸೊಂದಕ್ಕೆ ದಾರಿ ಬಿಟ್ಟು ರಸ್ತೆ ದಾಟಿ ಬಂದರು. ಅವರ ಹಿಂದೆ ದರ್ಜಿಯೂ ಬಂದ. ಕೀಲಿಯವನು ಕೆಲಸ ನಿಲ್ಲಿಸಿ ತಲೆ ಎತ್ತಿದ.

"ಏನ್ ಸ್ವಾಮಿ ಇದು? ಸ್ಟೆಡ್‌ಫಾಸ್ಟ್ ಅಂತ ಬರೀರಿ ಅಂದ್ರೆ ಮೊದಲನೇ ಅಕ್ಷರಾನೇ ನಡುಗ್ತಿದೆಯಲ್ಲ. ನಿಮ್ಮ ಕೈಗೇನಾಗಿದೆ?"

ಗಿರಗಿಟ್ಟಲೆ ಬೀದಿಯ ಕಡೆ ತಿರುಗಿಸಿದ್ದ ಕುತ್ತಿಗೆಯನ್ನು ಹಾಗೆಯೇ ಇಟ್ಟುಕೊಂಡು ಹೇಳಿದ:

"ಅವರ ಕೈಗಲ್ಲ ಸಾರ್, ನನ್ನ ಕಾಲಿಗೆ. ಇರುವೆ ಹತ್ತಿತು. ಕೊಡವಿಕೊಳ್ಳೋಕೆ ಹೋದೆ, ಏಣಿ ಅಲ್ಲಾಡಿಬಿಡ್ತು."

ನನ್ನ ಕೈ ಏಣಿಯ ಮೇಲಿತ್ತು. ಏಣಿ ಒಂದು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ನಾನು ಅವನ ಕೈಗಳನ್ನು ನೋಡಿದೆ. ಕಂಬಗಳನ್ನು ಹಿಡಿದಿದ್ದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಪಾದ ಮೆಟ್ಟಿಲಿಗೆ ಒತ್ತಿದ್ದು ಒತ್ತಿದಂತೆಯೇ ಇತ್ತು.

ಡೈರೆಕ್ಟರು ಸುಲಭವಾಗಿ ನಂಬುವವರಲ್ಲ. ಮಂದಿಯ ವ್ಯಕ್ತಿತ್ವ ತಿದ್ದುವವರಿಗೆ ಮೊದಲು ಬೇಕಾದದ್ದು ಅನುಮಾನ. ಅವರು ನನ್ನತ್ತ ತಿರುಗಿ, "ಮೇಡಂ, ನೀವು ಇಲ್ಲೇ ಇದ್ರಲ್ಲ. ಇವನು ಅಲ್ಲಾಡಿದ್ನಾ?" ಎಂದರು.

ನಾನು ಸುಳ್ಳು ಹೇಳುವುದಿಲ್ಲ. "ನಾನು ಕಂಡ ದಿನದಿಂದ ಇವನು ಅಲ್ಲಾಡ್ತಾನೇ ಇದ್ದಾನೆ," ಎಂದೆ.

ದರ್ಜಿ ನಕ್ಕ. ಕೀಲಿಯವನು ಗಡಿಯಾರದ ತಿರುಪಿನ ಕಥೆ ಎತ್ತಿದ. ಬೇಕರಿಯ ಬ್ರೆಡ್ಡು ಎಂದು ಯಾರೋ ನೆನಪಿಸಿದರು. ಕ್ಷಣದಲ್ಲಿ ಗೋಡೆಯ ಮೇಲಿನ ಅಕ್ಷರವನ್ನು ಬಿಟ್ಟು ಎಲ್ಲರೂ ಏಣಿಯ ಬುಡವನ್ನು ನೋಡತೊಡಗಿದರು. ಆಗ ಮೇಲಿನಿಂದ ಆರ್ಟಿಸ್ಟರ ದನಿ ಬಂತು, ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿ.

"ಮುಠ್ಠಾಳ, ಒಂದು ಏಣಿ ನೆಟ್ಟಗೆ ಹಿಡಿಯೋಕಾಗಲ್ವಾ ನಿನಗೆ? ಇಷ್ಟು ವಯಸ್ಸಾಯ್ತು."

"ಆಗಲ್ಲ ಅಣ್ಣ," ಎಂದ ಗಿರಗಿಟ್ಟಲೆ.

ಹಾಗೆ ಗದರಿಸಿದಾಗ ಆರ್ಟಿಸ್ಟರಿಗೆ ನಿಜ ಗೊತ್ತಿತ್ತೋ, ಅಥವಾ ಏಣಿಯೇ ಅಲ್ಲಾಡಿತೆಂದು ತಾವೂ ನಂಬಿಬಿಟ್ಟರೋ, ನಾನು ಹೇಳಲಾರೆ. ಅವರ ಮುಖ ಗೋಡೆಯ ಕಡೆಗಿತ್ತು. ನಂಬಿದ್ದರೂ ತಪ್ಪೆನ್ನುವುದಿಲ್ಲ, ಅಷ್ಟು ಒಳ್ಳೆಯ ಸುಳ್ಳು ಕೈಗೆ ಸಿಕ್ಕಾಗ ಯಾರಾದರೂ ನಂಬುತ್ತಾರೆ.

ಡೈರೆಕ್ಟರು ಈಗ ಕ್ರಮ ಕೈಗೊಳ್ಳುವ ಉತ್ಸಾಹದಲ್ಲಿದ್ದರು. ಕಟ್ಟಡದ ಕಾವಲುಗಾರನನ್ನು ಕರೆದು, ಏಣಿ ನೀನು ಹಿಡಿ, ಇವನನ್ನು ಆಚೆ ಕಳಿಸು ಎಂದರು. ಕಾವಲುಗಾರ ಬಲವಾದ ಆಳು, ಶ್ರದ್ಧೆಯಿಂದ ಮೇಲೆ ನೋಡುವ ಸ್ವಭಾವದವನು. ಹತ್ತಿರ ಬಂದು ಕಂಬಕ್ಕೆ ಕೈ ಹಾಕಿದ. ಈ ಮನುಷ್ಯ ಹಿಡಿದ ಏಣಿ ಅಲ್ಲಾಡಿತೆಂದು ಯಾರೂ ನಂಬುವುದಿಲ್ಲ. ಮುಂದಿನ ನಡುಕ ಆರ್ಟಿಸ್ಟರದೇ ಆಗುತ್ತದೆ.

ಗಡಿಯಾರದ ಅಂಗಡಿಯನ್ನು, ಬೇಕರಿಯನ್ನು, ಬಸ್ಸನ್ನು ಯಾರೂ ಕೇಳದೆಯೇ ಬಿಟ್ಟು ಬಂದಿದ್ದವನು ಏಣಿ ಬಿಡಲಿಲ್ಲ. ಜಗಳವನ್ನೂ ಮಾಡಲಿಲ್ಲ. ಹಲ್ಲು ಕಿರಿದು, "ಬೇಡ ಸಾರ್. ಇದೊಂದಾದ್ರೂ ಪೂರ್ತಿ ಮಾಡ್ತೀನಿ, ಬಿಡಿ. ಇಲ್ದಿದ್ರೆ ಮನೇಲಿ ಅತ್ತಿಗೆ ಅನ್ನ ಹಾಕಲ್ಲ," ಎಂದ. ಕಾವಲುಗಾರ ಎಳೆದ. ಗಿರಗಿಟ್ಟಲೆ ನಗುತ್ತಲೇ ಇದ್ದ, ಬೆರಳು ಮಾತ್ರ ಸಡಿಲಾಗಲಿಲ್ಲ. ಏಣಿಯ ಮೇಲೆ ಮನುಷ್ಯನಿದ್ದಾಗ ಹೆಚ್ಚು ಎಳೆಯುವುದು ಸರಿಯಲ್ಲವೆಂದು ಕಾವಲುಗಾರನಿಗೇ ಅನಿಸಿ ಕೈಬಿಟ್ಟ.

ಅವನು ದೂರ ಸರಿದ ಮೇಲೆ ಗಿರಗಿಟ್ಟಲೆ ಏಣಿಯ ಹಿಂಬದಿಗೆ ಒಂದು ಕೈ ಹಾಕಿದ. ಅಲ್ಲಿ ಕಂಬಕ್ಕೆ ಒತ್ತಿಕೊಂಡಂತೆ, ಬಣ್ಣ ಒರೆಸುವ ಹಳೆಯ ಬಟ್ಟೆಯಲ್ಲಿ ಸುತ್ತಿ ಏನನ್ನೋ ಕಟ್ಟಿದ್ದ. ಬೆಳಗಿನಿಂದ ಅಲ್ಲೇ ನಿಂತಿದ್ದರೂ ನಾನು ಗಮನಿಸಿರಲಿಲ್ಲ. ಬಿಚ್ಚಿದಾಗ ತುದಿಗೆ ಬಟ್ಟೆ ಸುತ್ತಿದ ಕೋಲು ಹೊರಬಂತು.

"ಅಣ್ಣ, ನನ್ನ ನೆಚ್ಚಿಕೊಂಡ್ರೆ ಇದೂ ಕೆಡುತ್ತೆ. ಕೋಲು ಇಟ್ಕೊಂಡು ಬರಿ," ಎಂದು ಚೌಕಕ್ಕೆಲ್ಲ ಕೇಳಿಸುವಂತೆ ಹೇಳಿದ. "ಏಣಿ ಹಿಡಿಯೋನು ನಾನಾದ್ರೆ ಎಂಥಾ ಆರ್ಟಿಸ್ಟಿಗೂ ಕೋಲು ಬೇಕಾಗುತ್ತೆ."

"ಅದಂತೂ ಸರಿ," ಎಂದ ದರ್ಜಿ.

ಆರ್ಟಿಸ್ಟರ ಎಡಗೈ ಕೆಳಗೆ ಬಂತು. ತಿರುಗಿ ನೋಡದೆ, ಬೆರಳು ಅಗಲಿಸಿ ಕಾಯಿತು. ಕೋಲು ಮೇಲೆ ಹೋಯಿತು. ಅವರು ಸೀಮೆಎಣ್ಣೆಯ ಬಟ್ಟೆಯಿಂದ ಕೆಟ್ಟ ಬಾಗನ್ನು ಒರೆಸಿ ತೆಗೆದರು, ಗೋಡೆ ಒಣಗುವವರೆಗೆ ಕಾದರು, ಕೋಲನ್ನು ಊರಿದರು, ಅದರ ಮೇಲೆ ಮಣಿಕಟ್ಟನ್ನಿಟ್ಟು ಮತ್ತೆ ಮೊದಲಿನಿಂದ ತೊಡಗಿದರು.

ಡೈರೆಕ್ಟರು ರಸ್ತೆ ದಾಟಿ ಹೋಗಿ ತಮ್ಮ ಜಾಗದಲ್ಲಿ ನಿಂತರು. ದರ್ಜಿಯೂ ಅವರ ಪಕ್ಕಕ್ಕೆ ಹೋದ. ಇಬ್ಬರೂ ಗೋಡೆಯ ಕಡೆ ಕಣ್ಣು ಎತ್ತುವುದರಲ್ಲಿದ್ದರು. ಗಿರಗಿಟ್ಟಲೆ ಎಡಗಾಲನ್ನು ನೆಲದಿಂದೆತ್ತಿ ಬಲಗಾಲಿನ ಮೀನಖಂಡವನ್ನು ಕೆರೆದುಕೊಂಡ. ಕೆರೆಯುತ್ತ ತಲೆ ತೂಗಿದ, ಭುಜ ಕುಣಿಸಿದ. ಅವನ ಮೈಯಲ್ಲಿ ಅಲ್ಲಾಡದೆ ಉಳಿದದ್ದು ಮೊಣಕೈಯಿಂದ ಆಚೆಗೆ ಮಾತ್ರ. ನನ್ನ ಅಂಗೈಯ ಕೆಳಗೆ ಏಣಿ ನೆಟ್ಟ ಕಂಬದಂತಿತ್ತು. ಡೈರೆಕ್ಟರು ಗೋಡೆಯನ್ನು ಬಿಟ್ಟು ಅವನತ್ತ ಬೆರಳು ತೋರಿಸಿ ದರ್ಜಿಗೆ ಏನೋ ಹೇಳಿದರು. ಗಿರಗಿಟ್ಟಲೆ ಅದನ್ನು ನೋಡಿ, ಕಾಲು ಬದಲಾಯಿಸಿ, ಆಚೆ ಬದಿಯವರಿಗೆ ಚೆನ್ನಾಗಿ ಕಾಣುವಂತೆ ಇನ್ನೊಂದು ಮೀನಖಂಡವನ್ನೂ ನಿಧಾನವಾಗಿ ಕೆರೆದುಕೊಳ್ಳತೊಡಗಿದ.